ಬಾನೆಟ್ಟಿನೊಳಗಿನ ನೈವೇದ್ಯ

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತೆಂದರೆ ನನ್ನ ಬಳೆಗಳು ತಾವಾಗಿಯೇ ಸದ್ದು ಮಾಡತೊಡಗುತ್ತಿದ್ದವು. ನಾನೇನೂ ಕೈ ಆಡಿಸುತ್ತಿರಲಿಲ್ಲ. ಸ್ಟೇರಿಂಗಿನ ಮೇಲೆ ಸುಮ್ಮನೆ ಇಟ್ಟುಕೊಂಡು ಕೂತಿರುತ್ತಿದ್ದೆ. ನಡುಗುತ್ತಿದ್ದದ್ದು ಕಾರು. ಓಡುವಾಗ ಹೇಗೋ ಮಾನ ಉಳಿಸುತ್ತಿದ್ದ ಆ ಕಾರು ನಿಂತ ಕೂಡಲೇ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತಿತ್ತು. ಪಕ್ಕದ ಸ್ಕೂಟರಿನವರು ತಿರುಗಿ ಮೊದಲು ಕಾರನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು. ನನ್ನ ನರೆಗೂದಲು, ಒಂಬತ್ತು ಗಜದ್ದಲ್ಲದಿದ್ದರೂ ಗಟ್ಟಿಯಾಗಿ ಸಿಕ್ಕಿಸಿದ ಸೀರೆ, ಎಲ್ಲ ನೋಡಿ, ಓಹೋ ಅದಕ್ಕೇ ಹೀಗೆ ಎನ್ನುವಂತೆ ಮುಖ ತಿರುಗಿಸುತ್ತಿದ್ದರು. ನೆಲ ಬಾಯಿ ಬಿಟ್ಟು ನನ್ನನ್ನು ಕಾರಿನ ಸಮೇತ ನುಂಗಬಾರದೇ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಎಡಗಡೆ ಕೂತ ಇವರದು, ಅಂದರೆ ನಮ್ಮ ಯಜಮಾನರದು, ಶುರುವಾಗುತ್ತಿತ್ತು.

"ಕ್ಲಚ್ ಮ್ಯಾಲಿನ ಕಾಲು ತೆಗಿ."

"ತೆಗದೀನಿ."

"ತೆಗದಿದ್ರ ಯಾಕ ನಡಗ್ತದ?"

"ಅದನ್ನ ಗಾಡೀನಽ ಕೇಳ್ರಿ. ನಿಮ್ಮ ಜೋಡಿ ಇಪ್ಪತ್ತು ವರ್ಷ ಇತ್ತಲ್ಲ, ಭಾಷಾ ತಿಳೀತದ ನಿಮಗ."

ಇವರು ಆಡಿಟ್ ಕೆಲಸ ಮಾಡಿ ನಿವೃತ್ತರಾದವರು. ಇನ್ನೊಬ್ಬರ ತಪ್ಪು ಹುಡುಕುವುದು ಇವರಿಗೆ ಉಸಿರಾಡಿದಷ್ಟು ಸಹಜ. ಆ ಕಾರನ್ನು ಕೊಂಡಾಗಿನಿಂದ ಇವರೇ ಓಡಿಸಿದ್ದರು. ಬೇರೆ ಯಾರಿಗೂ ಅದರ ಕೀಲಿ ಮುಟ್ಟಲು ಕೊಟ್ಟವರಲ್ಲ. ಆಮೇಲೆ ಕಣ್ಣಿನ ಪ್ರೆಶರ್ ಹೆಚ್ಚಾಗಿ ಬದಿಯ ದೃಷ್ಟಿ ಹೋಯಿತು. ಎದುರಿಗೆ ಸೂಜಿ ಬಿದ್ದರೂ ಕಾಣುತ್ತದೆ, ಬದಿಗೆ ಆನೆ ಬಂದು ನಿಂತರೂ ಕಾಣುವುದಿಲ್ಲ. ಇನ್ನು ಓಡಿಸಬಾರದು ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದು ಕೀಲಿಯನ್ನು ದೇವರ ಕೋಣೆಯ ಮೊಳೆಗೆ ಸಿಕ್ಕಿಸಿದರು. ದೇವರ ಕೋಣೆಗೆ ಇವರು ತಾವಾಗಿ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಕೀಲಿ ತೆಗೆದುಕೊಂಡು ಐವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಹೋದವಳು ನಾನು. ಧಾರವಾಡದ ನಮ್ಮ ಮಾಳಮಡ್ಡಿಯ ಓಣಿಯೆಲ್ಲ ನಕ್ಕಿತು. ನಗಲಿ ಎಂದುಕೊಂಡೆ.

ಯಾಕೆ ಅಷ್ಟು ಹಟ ಎಂದರೆ, ನಾನು ಪೇಟಿ ನುಡಿಸುವವಳು. ಹಾರ್ಮೋನಿಯಂಗೆ ನಾವು ಪೇಟಿ ಎನ್ನುತ್ತೇವೆ. ನಮ್ಮದೊಂದು ಹೆಂಗಸರ ಭಜನಾ ಮಂಡಳಿ. ತೊಟ್ಟಿಲು, ಬಸುರಿಯರ ಕುಬಸ, ಸತ್ಯನಾರಾಯಣ ಪೂಜೆ ಎಂದು ಧಾರವಾಡದಿಂದ ಹುಬ್ಬಳ್ಳಿಯವರೆಗೆ ಕರೆಯುತ್ತಾರೆ. ಮದುವೆಯಾದಾಗಿನಿಂದ ನಾನು ಪೇಟಿ ಬಾಗಿಲಿಗೆ ಇಟ್ಟುಕೊಂಡು ಇವರ ದಾರಿ ಕಾದವಳು. ಇವರಿಗೆ ಮೂಡ್ ಇದ್ದರೆ ಒಯ್ಯಬೇಕು, ಇಲ್ಲದಿದ್ದರೆ ಇಲ್ಲ. ಯಾರಾದರೂ ಕರಕೊಂಡು ಹೋಗುತ್ತಾರೇನು ಎಂದು ಕೇಳುತ್ತ ಕೇಳುತ್ತ ಅರ್ಧ ಆಯುಷ್ಯ ಹೋಗಿತ್ತು. ಕಾರು ಕೈಗೆ ಬಂದ ಮೇಲೆ ನಾನೇ ಮೂವರು ಗೆಳತಿಯರನ್ನು ಹತ್ತಿಸಿಕೊಂಡು, ಡಿಕ್ಕಿಯಲ್ಲಿ ಪೇಟಿ ಹಾಕಿಕೊಂಡು ಹುಬ್ಬಳ್ಳಿಯ ಗೋಪನಕೊಪ್ಪದವರೆಗೆ ಹೊಡೆಯುತ್ತಿದ್ದೆ. ಇವರ ಕಣ್ಣಿನ ತಪಾಸಣೆಗೂ ನಾನೇ ಒಯ್ಯುತ್ತಿದ್ದೆ. ಆ ಖುಷಿ ಏನೆಂದು ಹೇಳಲಿ! ಕಿಡಕಿ ಇಳಿಸಿ, ಗಾಳಿಗೆ ಕೂದಲು ಹಾರಿದರೂ ಸರಿ ಮಾಡಿಕೊಳ್ಳದೆ ಓಡಿಸುತ್ತಿದ್ದೆ.

ಖುಷಿಯ ಜೊತೆಗೆ ಹೆದರಿಕೆಯೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ಅಮಾವಾಸ್ಯೆ ಬಂದರೆ ಅಂಗಡಿಯವರು, ಲಾರಿಯವರು, ಟಂಟಂ ಓಡಿಸುವವರು ಗಾಡಿ ತೊಳೆದು ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಂದೆ ಹೋಗುತ್ತಾರೆ. ನಾನೂ ಹಾಗೆ ಮಾಡುತ್ತೇನೆ ಎಂದಾಗ ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಮ್ಮದೇನು ಟ್ರಾನ್ಸ್‌ಪೋರ್ಟ್ ಕಂಪನಿ ಅದ ಏನು? ಎಂಜಿನ್ನಿಗೆ ಆಯಿಲ್ ಬೇಕು, ಆರತಿ ಅಲ್ಲ" ಎಂದರು. ನಾನು ಹೂಂ ಎಂದೆ. ಹೂಂ ಎಂದು ಕದ್ದು ಮಾಡಿದೆ.

ಅಮಾವಾಸ್ಯೆಯ ದಿನ ಇವರು ಸ್ನಾನಕ್ಕೆ ಹೋದಾಗ ಬಾನೆಟ್ಟು ಎತ್ತಿ, ಎಂಜಿನ್ನಿನ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಎರಡು ಚೂರು ಕೊಬ್ಬರಿ, ಚಿಟಿಕೆ ಸಕ್ಕರೆ, ತುಪ್ಪದಲ್ಲಿ ನೆನೆಸಿದ ಒಂದು ಹೂಬತ್ತಿ ಇಡುತ್ತಿದ್ದೆ. ಬತ್ತಿ ಹಚ್ಚುತ್ತಿರಲಿಲ್ಲ. ಪೆಟ್ರೋಲಿನ ಹತ್ತಿರ ದೀಪ ಹಚ್ಚುವಷ್ಟು ಹುಚ್ಚಿ ನಾನಲ್ಲ. ಹಚ್ಚದ ಬತ್ತಿ ದೇವರಿಗೆ ಅರ್ಥವಾಗುತ್ತದೆ, ಅವನೂ ಗಾಡಿ ಓಡಿಸುವವರನ್ನು ನೋಡಿರುತ್ತಾನೆ ಎಂದುಕೊಂಡೆ. ಮುಂದಿನ ಸಲ ನೋಡಿದರೆ ಇಟ್ಟದ್ದು ಇರುತ್ತಿರಲಿಲ್ಲ. ಇರುವೆ ಒಯ್ದಿರಬೇಕು ಎಂದು ಒಂದು ಮನಸ್ಸು, ದೇವರಿಗೆ ಮುಟ್ಟಿತು ಎಂದು ಇನ್ನೊಂದು ಮನಸ್ಸು. ಎರಡನೆಯದೇ ಹಿತವಾಗಿತ್ತು, ಅದನ್ನೇ ನಂಬಿದೆ.

ಕಾರು ನಡುಗಲು ಶುರುವಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಜೊತೆಗೇ ಅದಕ್ಕೆ ಬಾಯಾರಿಕೆ ಹತ್ತಿತು. ಹಿಂದೆ ಒಮ್ಮೆ ಟಾಕಿ ತುಂಬಿಸಿದರೆ ಪೆಟ್ರೋಲನ್ನು ಮರೆತೇಬಿಡಬಹುದಾಗಿತ್ತು. ಈಗ ಹುಬ್ಬಳ್ಳಿಗೆ ಹೋಗಿ ಬಂದರೆ ಸಾಕು, ಮುಳ್ಳು ಕೆಳಗೆ ಬಂದು ಮಲಗುತ್ತಿತ್ತು. ಇವರು ಮೊದಲ ದಿನವೇ ತೀರ್ಪು ಕೊಟ್ಟರು.

"ನಿನ್ನ ಕಾಲು ಭಾಳ ಭಾರ ಅದ. ಎಕ್ಸಲೇಟರ್ ಮ್ಯಾಲೆ ಕಾಲು ಇಡ್ತಿಯೋ, ಬೀಸೋ ಕಲ್ಲು ಇಡ್ತಿಯೋ?"

ನಾನು ಸಿಟ್ಟಿನಿಂದ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸಿದೆ. ಗೇರು ಲಗೂ ಬದಲಿಸು ಎಂದರು, ಬದಲಿಸಿದೆ. ಇಳಿಜಾರಿನಲ್ಲಿ ಕಾಲು ತೆಗೆ ಎಂದರು, ತೆಗೆದೆ. ಗಾಲಿಗಳಿಗೆ ಸರಿಯಾಗಿ ಗಾಳಿ ತುಂಬಿಸಿದೆವು. ಪೆಟ್ರೋಲ್ ಬಂಕ್ ಬದಲಿಸಿದೆವು. ಡಿಕ್ಕಿಯಲ್ಲಿ ಬಿದ್ದಿದ್ದ ಹಳೆಯ ಚಾಪೆ, ನೀರಿನ ಕ್ಯಾನು, ಯಾರದೋ ಮದುವೆಯ ಸ್ಟೀಲ್ ಬುಟ್ಟಿ ಎಲ್ಲ ಇಳಿಸಿದೆವು. ಬ್ರೇಕು ಹಿಡಿದುಕೊಂಡಿದೆಯೇನೋ ಎಂದು ಸಪಾಟು ರಸ್ತೆಯಲ್ಲಿ ಗೇರು ತೆಗೆದು ಇವರು ಹಿಂದಿನಿಂದ ನೂಕಿ ನೋಡಿದರು. ಕಾರು ಸಲೀಸಾಗಿ ಉರುಳಿತು. ಇಷ್ಟೆಲ್ಲ ಆದ ಮೇಲೂ ಅದು ನಡುಗುತ್ತಲೇ ಇತ್ತು, ಕುಡಿಯುತ್ತಲೇ ಇತ್ತು. ಉಳಿದದ್ದು ನಾನೊಬ್ಬಳೇ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇವರಿಗೆ ಹಳೆಯ ಪರಿಚಯದ ಮೆಕ್ಯಾನಿಕ್ ಒಬ್ಬನಿದ್ದ. ಎಡಕ್ಕೆ ಲೇತ್ ಮಷೀನು, ಬಲಕ್ಕೆ ಕಬ್ಬಿಣ ಕೊಯ್ಯುವ ಅಂಗಡಿ. ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಂದು ಕೂಗಬೇಕು. ಅವನು ಪ್ಲಗ್ಗು ಹೊಸದು ಹಾಕಿದ, ಏರ್ ಫಿಲ್ಟರ್ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ. ತೊಳೆದು, ಶುರು ಮಾಡಿ, ಕಾರು ಮತ್ತೆ ನಡುಗಿದ್ದು ಕಂಡು ಕೈ ಒರೆಸಿಕೊಂಡ.

"ಸಾಹೇಬ್ರ, ಗಾಡ್ಯಾಗ ಏನೂ ಇಲ್ರಿ. ಎಲ್ಲಾ ಮಾಡೇನಿ. ಓಡ್ಸೋರು ಯಾರ್ರಿ?"

ಇವರು ಗದ್ದ ಎತ್ತಿ ನನ್ನ ಕಡೆ ತೋರಿಸಿದರು.

"ಹಾಂ, ಅಕ್ಕಾರು ಓಡಸ್ತಾರನ್ರಿ!" ಎಂದು ಅವನು ನಕ್ಕ. ಕೆಟ್ಟ ನಗೆಯೇನಲ್ಲ. ಆದರೆ ಮೈಯೆಲ್ಲ ಉರಿಯಿತು. "ಹಂಗಾರ ರೇಸ್ ಸ್ವಲ್ಪ ಏರಿಸಿ, ಪೆಟ್ರೋಲ್ ಒಂಚೂರು ಜಾಸ್ತಿ ಬಿಟ್ಟು ಕೊಡ್ತೇನ್ರಿ. ಅಕ್ಕಾರು ಕಾಲು ಬಿಟ್ರೂ ಬಂದ್ ಬೀಳಂಗಿಲ್ಲ."

ಅವನು ಸ್ಕ್ರೂ ತಿರುವಿದ. ಕಾರು ನಡುಗುವುದು ಸ್ವಲ್ಪ ಕಡಿಮೆಯಾಗಿ ಬೊಬ್ಬೆ ಹೊಡೆಯುವುದು ಶುರುವಾಯಿತು. ಮುಳ್ಳು ಇನ್ನೂ ಲಗೂ ಮಲಗಿತು. ನನ್ನದೂ ತಲೆ ಕೆಟ್ಟಿತ್ತು. ಅಮಾವಾಸ್ಯೆಗೊಮ್ಮೆ ಇಡುತ್ತಿದ್ದ ಕೊಬ್ಬರಿ ಸಾಲದಾಯಿತೋ ಏನೋ ಎಂದು ಪ್ರತಿ ಶುಕ್ರವಾರವೂ ಇಡತೊಡಗಿದೆ. ಬತ್ತಿಯನ್ನೂ ಎರಡು ಮಾಡಿದೆ.

ಮಾನ ಪೂರ್ತಿ ಹೋದದ್ದು ಗೋಪನಕೊಪ್ಪದ ಒಂದು ತೊಟ್ಟಿಲ ಕಾರ್ಯಕ್ಕೆ ಹೊರಟ ದಿನ. ಹಿಂದೆ ಮೂವರು ಗೆಳತಿಯರು ರೇಷ್ಮೆ ಸೀರೆ ಉಟ್ಟು ಕೂತಿದ್ದರು, ಪಕ್ಕದಲ್ಲಿ ಇವರು. ಹುಬ್ಬಳ್ಳಿ ಹೊಕ್ಕು ಸಿಗ್ನಲ್ಲಿನಲ್ಲಿ ನಿಂತೆವು. ಕಾರು ಎರಡು ಸಲ ಕೆಮ್ಮಿತು. ಬಂದ್ ಬಿತ್ತು. ಕೀಲಿ ತಿರುವಿದೆ, ಕುಂಯ್ ಎಂದಿತು ಅಷ್ಟೇ. ಹಸಿರು ಬಿತ್ತು. ಹಿಂದಿನಿಂದ ಹಾರ್ನೋ ಹಾರ್ನು. ಆಟೋದವನೊಬ್ಬ ತಲೆ ಹೊರಗೆ ಹಾಕಿ, "ಅಕ್ಕಾರ, ಮನ್ಯಾಗ ಯಾರೂ ಗಂಡಸ್ರು ಇಲ್ಲೇನ್ರಿ?" ಎಂದ. ಗಂಡಸರು ಪಕ್ಕದಲ್ಲೇ ಕೂತಿದ್ದರು. ಇವರ ಮುಖ ಆಗ ಹೇಗಾಯಿತೆಂದು ನಾನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಗೆಳತಿಯರು ಇಳಿದರು. ಯಾರೋ ನಾಲ್ವರು ಬಂದು ಕಾರನ್ನು ಬದಿಗೆ ನೂಕಿದರು. ನೂಕುವಾಗ ಒಬ್ಬ, "ಕಾಕಾರ, ನೀವಽ ಓಡಸ್ರಲಾ" ಎಂದು ಇವರಿಗೆ ಉಪದೇಶ ಮಾಡಿದ. ಪೇಟಿಯನ್ನು ಆಟೋಕ್ಕೆ ಹಾಕಿ ಹೋದೆವು. ಅವತ್ತು ಬೆರಳು ಸುರದ ಮೇಲೆ ನಿಲ್ಲಲೇ ಇಲ್ಲ. ಮರುವಾರ ಗೆಳತಿಯೊಬ್ಬಳು ಫೋನು ಮಾಡಿದಳು. ದನಿ ಬಹಳ ಮೆತ್ತಗಿತ್ತು.

"ವೈನಿ, ಈ ಸಲ ನಾವು ಬಸ್ಸಿಗಽ ಬರ್ತೀವಿ. ನಿಮಗ ಸುಮ್ನ ಯಾಕ ತ್ರಾಸು?"

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಮೆತ್ತಗೆ ಮಾತಾಡಿದವರಿಗೆ ಏನು ಹೇಳುವುದು! ಆಗಲಿ ಎಂದು ಫೋನಿಟ್ಟು, ಅಡಿಗೆ ಮನೆಗೆ ಹೋಗಿ ಸುಮ್ಮಸುಮ್ಮನೆ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಇವರು, "ಕೊಟ್ಟಬಿಡೂಣು ಗಾಡಿ" ಎಂದರು. ಹಳೆಯ ಗಾಡಿ ಬಿಚ್ಚಿ ಭಾಗ ಮಾರುವವನೊಬ್ಬ ರವಿವಾರ ಬೆಳಿಗ್ಗೆ ಬರುತ್ತಾನಂತೆ. ಮಾತು ಆಗಿಹೋಗಿತ್ತು.

"ನನ್ನ ಕೇಳಲಿಲ್ಲ?"

"ಏನ ಕೇಳೂದು? ರಸ್ತೇದಾಗ ಎಲ್ಲಾರ ಮುಂದ ನಿಂತೀವಿ. ನಿನ್ನ ಕೈಲೆ ಆಗಂಗಿಲ್ಲ, ನನ್ನ ಕಣ್ಣಿಗೆ ಆಗಂಗಿಲ್ಲ. ಸಾಕು."

ನಿನ್ನ ಕೈಲೆ ಆಗಂಗಿಲ್ಲ! ಅನ್ನದ ಮೇಲೆ ಸಾರು ಹಾಕುತ್ತಿದ್ದ ಸೌಟನ್ನು ಅಲ್ಲಿಯೇ ಬಿಟ್ಟು ಎದ್ದುಹೋದೆ. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ. ಯಾಕೆಂದರೆ ಹೌದೇನೋ ಎಂದು ನನಗೂ ಅನ್ನಿಸತೊಡಗಿತ್ತು. ಈ ವಯಸ್ಸಿನಲ್ಲಿ ಇಲ್ಲದ ಉಸಾಬರಿ ಮಾಡಲು ಹೋಗಿ ಒಳ್ಳೆಯ ಗಾಡಿಯನ್ನು ಕೆಡಿಸಿದೆನೇನೋ. ಮತ್ತೆ ಪೇಟಿ ಬಾಗಿಲಿಗೆ ಬರುತ್ತದೆ. ಮತ್ತೆ, ಯಾರಾದರೂ ಕರಕೊಂಡು ಹೋಗುತ್ತಾರೇನು.

ಶನಿವಾರ ಮಧ್ಯಾಹ್ನ ಇವರು ಮಲಗಿದ್ದಾಗ ಅಂಗಳಕ್ಕೆ ಹೋಗಿ ಕಾರಿನಲ್ಲಿ ಕೂತೆ. ನಾಳೆ ಹೋಗುತ್ತದಲ್ಲ, ಒಮ್ಮೆ ಶುರು ಮಾಡಿ ನೋಡೋಣ ಎಂದು ಕೀಲಿ ತಿರುವಿದೆ. ಕಾರು ನಡುಗಿತು, ಬಳೆ ಗಲಗಲ ಎಂದವು. ಓಣಿಯಲ್ಲಿ ಒಂದು ಸದ್ದಿರಲಿಲ್ಲ. ಆಗ ಎಂಜಿನ್ನಿನ ಗಡಗಡದ ಕೆಳಗೆ ಇನ್ನೊಂದು ಸಣ್ಣ ಸದ್ದು ಕೇಳಿತು. ಸುಯ್ ಎಂದು ಒಂದೇ ಸಮನೆ. ಎಕ್ಸಲೇಟರ್ ಒತ್ತಿದೆ, ಸದ್ದು ಮುಚ್ಚಿಹೋಯಿತು. ಬಿಟ್ಟೆ, ಮತ್ತೆ ಬಂತು.

ಆ ಸದ್ದು ನನಗೆ ಗೊತ್ತಿತ್ತು. ಪೇಟಿಯ ತಿದಿಯಲ್ಲಿ ತೂತು ಬಿದ್ದರೆ ಇದೇ ಸದ್ದು ಬರುತ್ತದೆ. ಎಷ್ಟು ತಿದಿ ಒತ್ತಿದರೂ ಗಾಳಿ ದಾರಿಯಲ್ಲೇ ಸೋರಿ ಸುರ ನಡುಗುತ್ತದೆ, ಕೈ ಸೋಲುತ್ತದೆ, ಹಾಡು ಮಾತ್ರ ಮೇಲೇಳುವುದಿಲ್ಲ. ಗೋಕುಲ ರಸ್ತೆಯ ಆ ಗದ್ದಲದಲ್ಲಿ ಇದು ಯಾರಿಗೆ ಕೇಳಬೇಕು? ರಸ್ತೆಯಲ್ಲಿ ಹಾರ್ನು, ಇವರ ಬಾಯಿ, ನನ್ನ ಬಾಯಿ. ಇಷ್ಟು ದಿನ ಈ ಕಾರನ್ನು ಸುಮ್ಮನೆ ಕೂತು ಕೇಳಿದವರೇ ಇರಲಿಲ್ಲ.

ಸೆರಗು ಸೊಂಟಕ್ಕೆ ಬಿಗಿದು ಬಾನೆಟ್ಟು ಎತ್ತಿದೆ. ಕಿವಿ ಇಟ್ಟು ಹುಡುಕುತ್ತ ಹೋದೆ. ಎಂಜಿನ್ನಿನ ಹಿಂದೆ, ಗೋಡೆಯಂಥ ತಗಡಿನ ಹತ್ತಿರ ಒಂದು ರಬ್ಬರ್ ಪೈಪು. ಅದರ ಕೆಳಮಗ್ಗುಲಲ್ಲಿ ಬೆರಳಾಡಿಸಿದರೆ ಗಾಳಿ ಚರ್ಮವನ್ನು ಒಳಗೆ ಎಳೆಯಿತು. ಬೆರಳನ್ನು ಹಾಗೆಯೇ ಒತ್ತಿ ಹಿಡಿದೆ. ಏನು ಹೇಳಲಿ, ಎಂಜಿನ್ನು ತಟ್ಟನೆ ಸಮನಾಯಿತು! ಇನ್ನೊಂದು ಕೈ ಮಡ್‌ಗಾರ್ಡಿನ ಮೇಲಿತ್ತು. ಆ ಕೈಯ ಬಳೆಗಳು ಸುಮ್ಮನಾಗಿದ್ದವು. ಬೆರಳು ತೆಗೆದರೆ ಗಲಗಲ, ಇಟ್ಟರೆ ಸುಮ್ಮ. ನಾನು ಅಂಗಳದಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ನನ್ನ ಕಾಲಿನದಲ್ಲ, ನನ್ನ ಕಾಲಿನ ತಪ್ಪಲ್ಲ!

ಎಂಜಿನ್ ಬಂದ್ ಮಾಡಿ ಟಾರ್ಚು ಹಿಡಿದು ನೋಡಿದೆ. ಪೈಪನ್ನು ಇಲಿ ಕಡಿದಿತ್ತು. ಅದರ ಹಿಂದೆ, ತಗಡಿಗೆ ಅಂಟಿಸಿದ್ದ ಹಳೆಯ ಮೆತ್ತೆಯೊಳಗೆ ಇಲಿಯ ಗೂಡು. ಇಲಿ ಇರಲಿಲ್ಲ, ಸದ್ದಿಗೆ ಓಡಿಹೋಗಿರಬೇಕು. ಗೂಡು ಬೆಳ್ಳಗಿತ್ತು. ಬೆರಳಿಂದ ಎಳೆದರೆ ತುಪ್ಪದ ವಾಸನೆ ಬಂತು. ಹೂಬತ್ತಿ. ನಾನೇ ಹೊಸೆದ ಹೂಬತ್ತಿಗಳು, ಅವುಗಳ ನಡುವೆ ಹಲ್ಲಿನ ಗುರುತು ಬಿದ್ದ ಕೊಬ್ಬರಿ ಚೂರುಗಳು.

ದೇವರಿಗೆ ಮುಟ್ಟಿತು ಎಂದು ನಂಬಿದ್ದೆನಲ್ಲ, ಮುಟ್ಟಿದ್ದು ಇದಕ್ಕೆ. ಕಾರು ಕೆಡುತ್ತ ಹೋದಂತೆ ಶುಕ್ರವಾರ ಶುಕ್ರವಾರ ಊಟ ಹೆಚ್ಚಿಸಿ, ಹಾಸಿಗೆ ಹೆಚ್ಚಿಸಿ ಇಲಿಯನ್ನು ಸಾಕಿದವಳು ನಾನು. ಕಾಲಿನ ತಪ್ಪಲ್ಲ, ನಿಜ. ಕೈಯ ತಪ್ಪು. ಇವರಿಗೆ ಗೊತ್ತಾದರೆ? ಆರತಿ ಬೇಡ ಎಂದಿದ್ದರು. ಜೀವ ಇರುವವರೆಗೂ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಒಳಗಿನಿಂದ ಚಪ್ಪಲಿಯ ಸದ್ದು ಬಂತು. ಎಂಜಿನ್ನಿನ ಸದ್ದಿಗೆ ಇವರು ಎದ್ದಿದ್ದರು. ಹೂಬತ್ತಿ, ಕೊಬ್ಬರಿ ಕೈಗೆ ಸಿಕ್ಕಷ್ಟನ್ನೂ ಬಾಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ದನಿ ಏರಿಸಿದೆ.

"ಬರ್ರಿ ಇಲ್ಲೆ. ನನ್ನ ಕಾಲು ಎಷ್ಟು ಭಾರ ಅದ ನೋಡಿ ಹೋಗ್ರಿ!"

ಇವರು ಬಂದರು. ಪೈಪು ತೋರಿಸಿದೆ, ಮತ್ತೆ ಶುರು ಮಾಡಿ ಸದ್ದು ಕೇಳಿಸಿದೆ, ಬೆರಳಿಟ್ಟು ಕಾರನ್ನು ಸುಮ್ಮನಾಗಿಸಿ ತೋರಿಸಿದೆ. ಒಮ್ಮೆ ಸಾಲದೆ ಎರಡು ಸಲ ತೋರಿಸಿ ಎಂಜಿನ್ ಬಂದ್ ಮಾಡಿದೆ. ಇವರು ಟಾರ್ಚು ತೆಗೆದುಕೊಂಡು ಬಗ್ಗಿ ಗೂಡಿನೊಳಗೆ ನೆಟ್ಟಗೆ ನೋಡಿದರು. ಎರಡು ಬೆರಳು ಹಾಕಿ ಏನನ್ನೋ ಹೊರಗೆಳೆದರು. ಪೇಪರಿನ ಚೂರು, ಕುಂಕುಮ ಹತ್ತಿತ್ತು. ಇನ್ನೊಂದು ಚೂರು. ಅದಕ್ಕೆ ಅಂಟಿದ ಅರ್ಧ ಪುಠಾಣಿ, ಅಂದರೆ ಹುರಿಗಡಲೆ. ನಾನು ಪುಠಾಣಿ ಇಟ್ಟವಳಲ್ಲ. ಗಡಿಬಿಡಿಯಲ್ಲಿ ಅದನ್ನು ನೋಡಿಯೂ ಇರಲಿಲ್ಲ.

ಇವರು ಟಾರ್ಚು ಆರಿಸಿದರು. ಹೋಗಿ ಮೆಟ್ಟಿಲ ಮೇಲೆ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಇದು ನಾ ಇಟ್ಟದ್ದು" ಎಂದರು.

"ಏನು?"

"ಹಣಮಂತ ದೇವರ ಗುಡಿ ಪ್ರಸಾದ. ಪುಠಾಣಿ ಬೆಲ್ಲ. ಶನಿವಾರ ಆಯಿಲ್, ನೀರು ನೋಡ್ತೀನಲ್ಲ, ಆವಾಗ ಇಡ್ತಿದ್ದೆ."

ಪ್ರತಿ ಶನಿವಾರ ಬಾನೆಟ್ಟು ಎತ್ತಿ ಆಯಿಲ್, ನೀರು ನೋಡುವುದು ಕಾರಿನ ಲೆಕ್ಕದಲ್ಲಿ ಇವರಿಗೆ ಉಳಿದಿದ್ದ ಒಂದೇ ಕೆಲಸ. ಅದಕ್ಕೆ ಮೊದಲು ಸಂಜೆ ವಾಕಿಂಗ್ ಎಂದು ಹೋಗುತ್ತಿದ್ದರು. ಗುಡಿಗೆ ಎಂದು ಯಾವತ್ತೂ ಹೇಳಿರಲಿಲ್ಲ.

"ನೀವು? ಗುಡಿಗೆ?"

"ಮತ್ತೇನ ಮಾಡ್ಲಿ? ನೀ ಓಡಸ್ತಿ. ಬಾಜೂಕ ಲಾರಿ ಬಂದ್ರ ನನಗ ಕಾಣಂಗಿಲ್ಲ. ಸುಮ್ನ ಹೆಂಗ ಕೂಡ್ಲಿ? ಬಾಯಿ ಮಾಡ್ತಿದ್ದೆ. ಬಾಯಿ ಸಾಲಲಿಲ್ಲ, ಇದನ್ನೂ ಇಟ್ಟೆ." ಕೈಯಲ್ಲಿದ್ದ ಪೇಪರಿನ ಚೂರನ್ನು ಬೆರಳಲ್ಲಿ ಉಜ್ಜಿದರು. "ನಾನಽ ಇಲಿ ಕರದು, ನಾನಽ ನಿನ್ನ ಬೈದೆ. ರಸ್ತೇದಾಗ ಎಲ್ಲಾರ ಮುಂದ ನಿನ್ನ ನಿಂದರಿಸಿದೆ."

ಗಂಟು ಸೊಂಟದಲ್ಲಿತ್ತು, ಒತ್ತುತ್ತಿತ್ತು. ತೆಗೆದು ಇಬ್ಬರ ನಡುವೆ ಇಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಇಬ್ಬರೂ ನಗುತ್ತಿದ್ದೆವು. ಆದರೆ ಇವರು ನನ್ನೆದುರು ತಪ್ಪಾಯಿತು ಎಂದು ಕೂತದ್ದು ಮದುವೆಯಾದಾಗಿನಿಂದ ಅದೇ ಮೊದಲು. ನನಗೆ ಆ ಗೆಲುವು ಬೇಕಾಗಿತ್ತು. ನಾನು ಇವರ ಭುಜದ ಮೇಲೆ ಕೈಯಿಟ್ಟು, ದೊಡ್ಡ ಮನಸ್ಸಿನವಳ ಹಾಗೆ, "ಹೋಗ್ಲಿ ಬಿಡ್ರಿ. ಇನ್ನ ಮ್ಯಾಲೆ ಇಡಬ್ಯಾಡ್ರಿ" ಎಂದೆ.

ಕ್ಷಮಿಸಿದೆ! ನಾನು ಇವರನ್ನು! ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಗಾಡಿ ಬಿಚ್ಚುವವನಿಗೆ ಬರಬೇಡ ಎಂದು ಫೋನು ಹೋಯಿತು. ಮೆಕ್ಯಾನಿಕ್ ಹೊಸ ಪೈಪು ಹಾಕಿ, ತಾನು ತಿರುವಿದ ಸ್ಕ್ರೂಗಳನ್ನೆಲ್ಲ ಹಿಂದಕ್ಕೆ ತಿರುವಿದ. ಕಾರು ಬೆಕ್ಕು ಮಲಗಿದಷ್ಟು ಸುಮ್ಮನಾಯಿತು. ಮುಳ್ಳು ಮತ್ತೆ ಮೇಲೆಯೇ ನಿಲ್ಲತೊಡಗಿತು. ಇಲಿ ಹೇಗೆ ಬಂತು ಎಂದು ಅವನು ಕೇಳಿದಾಗ ಇವರು ಮುಚ್ಚಿಡಲಿಲ್ಲ, ಎಲ್ಲ ಹೇಳಿದರು. ಅವನು ಹೊಟ್ಟೆ ಹಿಡಿದು ನಕ್ಕ. "ಸಾಹೇಬ್ರ, ನೀವು ದೇವ್ರು ಇಲ್ಲ ಅಂತಿದ್ರೆಲ್ರಿ!" ಇವರೂ ನಕ್ಕರು. ನಾನು ಪಕ್ಕದ ಲೇತ್ ಮಷೀನನ್ನು ನೋಡುತ್ತ ನಿಂತಿದ್ದೆ.

ಗೆಳತಿಯರು ಮತ್ತೆ ಕಾರಿಗೆ ಬಂದರು. ಅವರು ಹತ್ತಿದ ಮೊದಲ ದಿನವೇ ಇವರು ಹಿಂದಕ್ಕೆ ತಿರುಗಿ, "ನಮ್ಮಾಕಿದೇನೂ ತಪ್ಪಿರಲಿಲ್ಲರಿ. ಕೆಡಿಸಿದಾಂವ ನಾನು. ಪ್ರಸಾದ ಇಟ್ಟು ಇಲಿ ಸಾಕಿದ್ದೆ" ಎಂದರು. ಹುಬ್ಬಳ್ಳಿ ಮುಟ್ಟುವವರೆಗೂ ಅವರ ನಗೆ ನಿಲ್ಲಲಿಲ್ಲ. ಭಜನೆ ಮುಗಿದ ಮೇಲೆ ಆ ಮನೆಯವರಿಗೂ ಕಥೆ ಹೇಳಿ ನಗಿಸಿದರು. ನನ್ನ ಮಾನವನ್ನು ಒಬ್ಬೊಬ್ಬರ ಹತ್ತಿರ ಹೋಗಿ ತಿರುಗಿ ತಂದುಕೊಟ್ಟರು ಇವರು, ತಮ್ಮದನ್ನು ಕೊಟ್ಟು. ನಾನು ಪೇಟಿಯ ಗವಸು ಹಾಕುವ ನೆಪದಲ್ಲಿ ತಲೆ ತಗ್ಗಿಸಿದೆ.

ಇಷ್ಟೆಲ್ಲ ಹೇಳುವವರು ಕಾರು ಹೊರಟಿತೆಂದರೆ ಸುಮ್ಮನಾಗುತ್ತಿದ್ದರು. ಕ್ಲಚ್ಚಿಲ್ಲ, ಗೇರಿಲ್ಲ, ಬೀಸೋ ಕಲ್ಲಿಲ್ಲ. ತೊಡೆಯ ಮೇಲೆ ಕೈಯಿಟ್ಟು ಎದುರಿನ ರಸ್ತೆಯನ್ನೇ ನೋಡುತ್ತ ಕೂತಿರುತ್ತಿದ್ದರು. ಶನಿವಾರ ಬಾನೆಟ್ಟು ಎತ್ತುವುದನ್ನೂ ಬಿಟ್ಟರು. "ನೀನಽ ನೋಡ್ಕೊ, ನಿನಗ ಛಲೋ ತಿಳೀತದ" ಎಂದರು. ವಾಕಿಂಗೂ ನಿಂತಿತು. ನನಗೆ ಆ ಮೌನ ತಡೆಯಲಾಗಲಿಲ್ಲ. ಬೇಕೆಂದೇ ಎರಡನೇ ಗೇರಿನಲ್ಲಿ ಎಂಜಿನ್ನು ಕಿರುಚುವವರೆಗೆ ಓಡಿಸಿದೆ. ಗಕ್ಕನೆ ಬ್ರೇಕು ಹಾಕಿದೆ. ಈಗಾದರೂ ಬೈಯಲಿ ಎಂದು ಓರೆಗಣ್ಣಲ್ಲಿ ನೋಡಿದರೆ ಇವರು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಹೆದರಿದ್ದರು, ಆದರೂ ಬಾಯಿ ಬಿಡಲಿಲ್ಲ.

ಅವತ್ತಿನ ಗಂಟು ಸೊಂಟದಿಂದ ಕಾರಿನಲ್ಲಿ ನನ್ನ ಬದಿಯ ಬಾಗಿಲ ಕಿಸೆಗೆ ಹೋಗಿ ಅಲ್ಲೇ ಇತ್ತು. ದೇವರಿಗೆ ಇಟ್ಟದ್ದನ್ನು ಕಸಕ್ಕೆ ಹಾಕುವ ಹಾಗಿಲ್ಲ. ತುಳಸಿಯ ಬುಡಕ್ಕೆ ಹಾಕೋಣವೆಂದರೆ ಇವರು ಸದಾ ಅಂಗಳದಲ್ಲಿ. ಇವತ್ತು, ನಾಳೆ ಎನ್ನುತ್ತ ಅದನ್ನು ಇವರ ಜೊತೆಗೇ ಹುಬ್ಬಳ್ಳಿಗೂ ಧಾರವಾಡಕ್ಕೂ ತಿರುಗಿಸುತ್ತಿದ್ದೆ.

ಕಣ್ಣಿನ ತಪಾಸಣೆ ಮುಗಿಸಿ ಬರುವಾಗ ಅದೇ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ನಾವಿಬ್ಬರೇ. ಕಾರು ಚಾಲೂ ಇದೆಯೋ ಇಲ್ಲವೋ ಎಂದು ಸಂಶಯ ಬರುವಷ್ಟು ಸುಮ್ಮನಿತ್ತು. ಬಳೆ ಒಂದೂ ಅಲುಗುತ್ತಿರಲಿಲ್ಲ. ಹಿಂದೆ ಆ ಗಡಗಡವಾದರೂ ನಡುವೆ ಇರುತ್ತಿತ್ತು, ಈಗ ಅದೂ ಇಲ್ಲ. ನನ್ನ ಕೈ ತಾನಾಗಿ ಬಾಗಿಲ ಕಿಸೆಗೆ ಹೋಯಿತು. ಗಂಟು ತೆಗೆದು ಇವರ ತೊಡೆಯ ಮೇಲೆ ಇಟ್ಟೆ.

ಇವರು ಬಿಚ್ಚಿದರು. ಒಂದು ಬತ್ತಿ ಎತ್ತಿ ಎರಡು ಬೆರಳಲ್ಲಿ ಹೊರಳಿಸಿ ಮೂಗಿಗೆ ಹಿಡಿದರು.

"ತುಪ್ಪ."

"ಹೂಂ."

"ಎಲ್ಲಿದು?"

"ಅದಽ ಗೂಡಿಂದು. ನಾ ಇಟ್ಟದ್ದು. ಮೊದ್ಲ ಅಮಾಸಿಗೆ, ಆಮ್ಯಾಲೆ ಶುಕ್ರವಾರಕ್ಕ. ನಿಮಗಿಂತ ಭಾಳ ಇಟ್ಟೀನಿ."

ಇವರು ಕೊಬ್ಬರಿ ಚೂರನ್ನು ಮುಟ್ಟಿ ನೋಡಿದರು. ಹಲ್ಲಿನ ಗುರುತಿನ ಮೇಲೆ ಬೆರಳು ನಿಂತಿತು.

"ಅವತ್ತು ನಾ ಮೆಟ್ಲ ಮ್ಯಾಲೆ ಕೂತಾಗ ಇದು ಎಲ್ಲಿತ್ತು?"

"ನನ್ನ ಸೊಂಟದಾಗ. ನಿಮ್ಮ ಬಾಜೂಕಽ." ನಾನು ಸ್ಟೇರಿಂಗನ್ನು ನೋಡುತ್ತ ಹೇಳಿದೆ. "ನಿಮಗ ಬಾಜೂದ್ದು ಕಾಣಂಗಿಲ್ಲಲ್ಲ, ಅದಕ್ಕ."

ಇವರು ಕೊಬ್ಬರಿ ಚೂರನ್ನು ತಿರುಗಿ ಕರವಸ್ತ್ರದ ಮೇಲೆ ಇಟ್ಟರು. ಆಮೇಲೆ ಮೆಲ್ಲಗೆ, ನನ್ನ ಕಡೆ ತಿರುಗದೆ, "ಹೋಗ್ಲಿ ಬಿಡ್ರಿ ಅಂದಿದ್ದಿ ನೀನು ನನಗ" ಎಂದರು.

ಕಾರು ಅಲುಗದೆ ನಿಂತಿತ್ತು, ಆದರೂ ಸ್ಟೇರಿಂಗಿನ ಮೇಲೆ ನನ್ನ ಬಳೆಗಳು ಸದ್ದು ಮಾಡಿದವು. ಹಿಂದಿನಿಂದ ಯಾರೋ ಹಾರ್ನು ಹೊಡೆದರು, ಇನ್ನೊಬ್ಬರು ಹೊಡೆದರು. ಇವರು ಬತ್ತಿ, ಕೊಬ್ಬರಿಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿ ಅಂಗಿಯ ಕಿಸೆಗೆ ಹಾಕಿಕೊಂಡರು. ಎದುರಿಗೆ ನೆಟ್ಟಗೆ ನೋಡಿದರು.

"ಹಸರು ಬಿದ್ದು ಎಷ್ಟ ಹೊತ್ತಾತು! ಕುರುಡಗ ಕಾಣ್ತದ, ನಿನಗ ಕಾಣಂಗಿಲ್ಲೇನು? ಕ್ಲಚ್ ಮ್ಯಾಲಿನ ಕಾಲು ತೆಗಿ."

ತೆಗೆದೆ.